ಗಿಳಿಹಸಿರು ರೆಕ್ಸಿನ್

ಲುಮಾರಾ ಕಾರನ್ನು ನಿಲ್ಲಿಸಿದ್ದು ನಾನಲ್ಲ. ಈ ಮಾತನ್ನು ಒಂದು ರಟ್ಟಿನ ಮೇಲೆ ಬರೆದು ಕೊರಳಿಗೆ ನೇತುಹಾಕಿಕೊಂಡು ಓಡಾಡಬೇಕು ಅನ್ನಿಸಿಬಿಟ್ಟಿದೆ. ನಾನು ದಾವಣಗೆರೆಯ ಶೋರೂಮಿನಲ್ಲಿ ಲುಮಾರಾ ಮಾರುತ್ತಿದ್ದವಳು, ಅಷ್ಟೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಹಾರ್ವಿಕ್ ಅನ್ನುವ ದೊಡ್ಡ ಕಂಪನಿಗೆ ಸೇರಿದ್ದು ಈ ಲುಮಾರಾ. ಹಾರ್ವಿಕ್‌ನ ದೊಡ್ಡವರು ಎಲ್ಲೋ ಎಸಿ ರೂಮಿನಲ್ಲಿ ಕೂತು, ಇನ್ನು ಮುಂದೆ ಲುಮಾರಾ ಹೆಸರಿನಲ್ಲಿ ಕಾರು ಬರುವುದಿಲ್ಲ ಎಂದು ತೀರ್ಮಾನ ಮಾಡಿದರು. ಸುದ್ದಿ ಟಿವಿಯಲ್ಲಿ ಬಂತು. ಅವತ್ತಿನಿಂದ ನನ್ನ ಫೋನಿಗೆ ಬಿಡುವೇ ಇಲ್ಲ.

ನಮ್ಮ ಕಡೆ ಕಾರು ಕೊಳ್ಳುವವರು ಕಂಪನಿಯನ್ನು ನೋಡುವುದಿಲ್ಲ, ಮಾರುವವರ ಮುಖ ನೋಡುತ್ತಾರೆ. 'ನಿನ್ ಮುಖ ನೋಡಿ ತಗಂಡೀನಮ್ಮ' ಅನ್ನುತ್ತಾರೆ. ಆ ಮಾತು ಕೇಳಲು ಹಿತವಾಗಿರುತ್ತದೆ, ಆಮೇಲೆ ಗೊತ್ತಾಗುತ್ತದೆ ಅದರ ಬಾಧೆ. ಬ್ಯಾಟರಿ ಸತ್ತರೆ ನನಗೆ ಫೋನು, ಸೀಟಿನಡಿ ಇಲಿ ಹೊಕ್ಕರೆ ನನಗೆ ಫೋನು. ಕಂಪನಿಯ ಕಸ್ಟಮರ್ ಕೇರ್ ಇದೆಯಲ್ಲ, ಅಲ್ಲಿಗೆ ಮಾಡಿ ಎಂದರೆ, 'ಅದು ಹಿಂದಿ ಮಾತಾಡ್ತೈತೆ, ನೀನೇ ಮಾತಾಡು' ಅನ್ನುತ್ತಾರೆ. ಈಗ ಕಾರಿನ ಹೆಸರೇ ಅಳಿಸಿಹೋಗಿದೆ. ಅವರಿಗೆ ಬೈಯಲು ಉಳಿದಿರುವುದು ನನ್ನ ಮುಖ ಒಂದೇ.

ಜಗಳೂರಿನಲ್ಲಿ ನಮ್ಮ ಬೀದಿಯ ಪಾಲಣ್ಣ, ಶೇಂಗಾ ವ್ಯಾಪಾರಿ, ದಿನಾ ಬೆಳಿಗ್ಗೆ ನಾನು ಹೊರಗೆ ಕಾಲಿಡುವುದನ್ನೇ ಕಾಯುತ್ತಾನೆ.

"ಯಾಕಮ್ಮ ನಿಲ್ಲಿಸಿದ್ರು? ಅಣ್ಣತಮ್ಮಂದ್ರು ಭಾಗ ಆಗ್ಯಾರಾ?"

"ಯಾವ ಅಣ್ಣತಮ್ಮಂದ್ರೂ ಇಲ್ಲ ಪಾಲಣ್ಣ. ಅದು ಕಂಪನಿ."

"ಕಂಪನಿ ಅಂದ್ರೂ ಅಣ್ಣತಮ್ಮಂದ್ರು ಇದ್ದೇ ಇರ್ತಾರೆ ಬಿಡು."

ಚನ್ನಗಿರಿಯ ವನಜಾಕ್ಷಿ ಮೇಡಂ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಅವರ ಪ್ರಕಾರ ಲುಮಾರಾ ಅನ್ನುವ ಹೆಸರಿನ ಅಕ್ಷರಗಳನ್ನು ಕೂಡಿದರೆ ಕೆಟ್ಟ ಸಂಖ್ಯೆ ಬರುತ್ತದಂತೆ. ಹೊನ್ನಾಳಿಯ ಜುಂಜಪ್ಪನವರ ಪ್ರಕಾರ ಎಲ್ಲವೂ ಚೀನಾದವರ ಕೈವಾಡ. ಮೊದಮೊದಲು ನಾನು ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳುತ್ತಿದ್ದೆ. ನೋಡಿ, ಒಂದೇ ಕಂಪನಿಯ ಕೈಯಲ್ಲಿ ಹಾರ್ವಿಕ್ ಅಂತ ಒಂದು ಹೆಸರು, ಲುಮಾರಾ ಅಂತ ಇನ್ನೊಂದು ಹೆಸರು. ಮೊದಲೆಲ್ಲ ಇಂಜಿನ್ ಒಂದೇ, ಚಾಸಿ ಒಂದೇ, ಮುಂದಿನ ಜಾಲರಿ ಮಾತ್ರ ಬೇರೆ. ಲುಮಾರಾ ಸ್ವಲ್ಪ ಶೋಕಿ, ಹಾರ್ವಿಕ್ ಸ್ವಲ್ಪ ಅಗ್ಗ. ಬರಬರುತ್ತಾ ಹಾರ್ವಿಕ್‌ಗೂ ಶೋಕಿ ಬಂತು. ಆಮೇಲೆ ಲುಮಾರಾದ ಗಿರಾಕಿಯನ್ನು ಹಾರ್ವಿಕ್ಕೇ ಎಳೆದುಕೊಂಡಿತು. ಎರಡಕ್ಕೂ ಬೇರೆ ಬೇರೆ ಶೋರೂಮು, ಬೇರೆ ಜಾಹೀರಾತು, ಬೇರೆ ಜನ. ಈಗ ಕರೆಂಟ್ ಕಾರು ಮಾಡಲು ಹೊಸ ಕಾರ್ಖಾನೆ ಬೇಕು, ಇಬ್ಬರನ್ನೂ ಸಾಕಲು ಆಗುವುದಿಲ್ಲ ಎಂದು ಒಬ್ಬರನ್ನು ಕೈಬಿಟ್ಟರು. ಇದಿಷ್ಟೇ ಕಥೆ.

ಇಷ್ಟನ್ನೂ ತಲೆಯಾಡಿಸುತ್ತಾ ಕೇಳಿ ಪಾಲಣ್ಣ ಏನೆಂದ ಗೊತ್ತೆ? "ನಾ ಹೇಳಿಲ್ವಾ, ಭಾಗ ಆಗ್ಯಾರೆ."

ಅವತ್ತಿನಿಂದ ಬಿಡಿಸಿ ಹೇಳುವುದನ್ನು ಬಿಟ್ಟೆ.

ಆದರೆ ನನ್ನ ಹೊಟ್ಟೆಯುರಿಯ ಕಾರಣ ಬೇರೆ. ಸುದ್ದಿ ಬಂದ ಮೇಲೆ ಹಾರ್ವಿಕ್‌ನ ದೊಡ್ಡ ಮ್ಯಾನೇಜರು, ಕೃಷ್ಣ ಸರ್, ದಾವಣಗೆರೆಗೆ ಬಂದು ನಮ್ಮನ್ನೆಲ್ಲ ಕೂರಿಸಿ ಮೀಟಿಂಗ್ ಮಾಡಿದರು. ನಿಮ್ಮ ಯಾರ ಕೆಲಸಕ್ಕೂ ತೊಂದರೆ ಇಲ್ಲ, ಮುಂದಿನ ತಿಂಗಳಿಂದ ಹಾರ್ವಿಕ್ ಮಾರುತ್ತೀರಿ ಎಂದರು. ನಾನು ಎದ್ದು ನಿಂತು ಕೇಳಿದೆ. "ಸರ್, ಎಷ್ಟೋ ವರ್ಷದಿಂದ ನಮಗೆ ಒಂದು ಹೊಸ ಮಾಡೆಲ್ ಕೊಡಲಿಲ್ಲ. ಬಂಪರ್ ಬದಲಿಸಿದಿರಿ, ಬಣ್ಣ ಬದಲಿಸಿದಿರಿ, ಹೊಸದು ಅಂದಿರಿ. ಹಾರ್ವಿಕ್‌ಗೆ ಮಾತ್ರ ಹೊಸ ಇಂಜಿನ್ನು ಕೊಟ್ಟಿರಿ. ನಾವು ಏನನ್ನು ಮಾರಬೇಕಿತ್ತು?"

ಕೃಷ್ಣ ಸರ್ ನಕ್ಕರು. "ಮಾರಾಟ ಆಗದೇ ಇರೋ ಕಡೆಗೆ ಒಳ್ಳೇ ಮಾಲು ಯಾರು ಕಳಿಸ್ತಾರೆ ಮೇಡಂ?"

ಒಳ್ಳೆಯ ಮಾಲು ಕಳಿಸದೆ ಮಾರಾಟ ಎಲ್ಲಿಂದ ಆಗುತ್ತದೆ ಎಂದು ಕೇಳುವಷ್ಟರಲ್ಲಿ ಊಟದ ಹೊತ್ತಾಯಿತು ಎಂದು ಅವರು ಎದ್ದರು. ನನ್ನ ಮಾತು ಗಂಟಲಲ್ಲೇ ಉಳಿಯಿತು.

ಅದೇ ಸಿಟ್ಟಿನಲ್ಲಿ ಜಗಳೂರಿನ ಮನೆಗೆ ಬಂದೆ. ಅಮ್ಮಿ, ಅಂದರೆ ನಮ್ಮ ತಾಯಿ ಇಮಾಮ್‌ಬೀ, ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ಅಬ್ಬಾ ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದರು. ನಮ್ಮ ಮನೆಯ ಮಾತು ಉರ್ದು, ನಾನು ಬರೆಯುತ್ತಿರುವುದು ಮಾತ್ರ ಕನ್ನಡದಲ್ಲಿ. ಕೃಷ್ಣ ಸರ್ ಹೇಳಿದ್ದನ್ನೆಲ್ಲ ಒದರಿದೆ. ಅಮ್ಮಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು.

"ತಾಯಿ ಕಂಪನಿ ಅಂತೀರಲ್ಲ ಅದಕ್ಕೆ. ಯಾವ ತಾಯಿ ಹಿಂಗೆ ಮಾಡ್ತಾಳೆ?"

"ಅದು ಬರೀ ಹೆಸರು ಅಮ್ಮಿ."

"ಹೆಸರಾದ್ರೂ ಬ್ಯಾರೆ ಇಟ್ಕಳ್ಳಾಕೆ ಹೇಳು."

ಅಬ್ಬಾ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಹವಾಮಾನದ ವಿಷಯ ಹೇಳುವ ದನಿಯಲ್ಲೇ ಹೇಳಿದರು. "ನ್ಯಾಮತಿ ಅಂಗಡಿ ಮುಚ್ಚಿಸಾನ ಅಂತ ಮಾಡೀನಿ. ಶಾಹಿದ್ ಚನ್ನಗಿರಿಗೆ ಹೋಗಿ ಅಫ್ತಾಬನ ಜೊತೆ ಕೂರ್ಲಿ. ನೀನು ಹೋಗಿ ಹೇಳು ನಗ್ಮಾ. ನಿಮ್ಮ ಕಂಪನಿಯೋರು ನಿಮಗೆ ಹೆಂಗೆ ತಿಳಿಸಿ ಹೇಳಿದ್ರೋ ಹಂಗೆ."

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಅಬ್ಬಾನ ಹೆಸರು ಖಾಜಾಸಾಬ್. ಕಾರು, ಆಟೊ, ಟ್ರ್ಯಾಕ್ಟರುಗಳ ಸೀಟಿಗೆ ರೆಕ್ಸಿನ್ ಹೊಲಿದು ಹಾಕುವುದರಲ್ಲಿ ಈ ಸೀಮೆಗೆಲ್ಲ ಹೆಸರಾದವರು. ಖಾಜಾ ಕುಶನ್ ವರ್ಕ್ಸ್ ಎಂದು ಜಗಳೂರಿನಲ್ಲಿ ಮೊದಲ ಅಂಗಡಿ ಇಟ್ಟರು. ಮಕ್ಕಳು ದೊಡ್ಡವರಾದ ಹಾಗೆಲ್ಲ ಒಂದೊಂದು ಊರಿಗೆ ಅದೇ ಹೆಸರಿನ ಅದೇ ಬೋರ್ಡು ಹೋಯಿತು. ಚನ್ನಗಿರಿಯದನ್ನು ಅಣ್ಣ ಅಫ್ತಾಬ್ ನೋಡಿಕೊಳ್ಳುತ್ತಾನೆ. ಹೊನ್ನಾಳಿಯದನ್ನು ಅಕ್ಕ ಮಸರತ್ ಮತ್ತು ಭಾವ. ಎಲ್ಲರಿಗಿಂತ ಚಿಕ್ಕವನು ಶಾಹಿದ್, ಅವನಿಗೆ ಎಲ್ಲಕ್ಕಿಂತ ಕೊನೆಯದಾಗಿ ನ್ಯಾಮತಿ.

ಹೊಸ ರೋಲು ಬಂದರೆ ಅದನ್ನು ಬಿಚ್ಚುವ ಹಕ್ಕು ಅಬ್ಬಾನದು, ಬೇರೆ ಯಾರೂ ಮುಟ್ಟುವಂತಿಲ್ಲ. ಜಗಳೂರಿನ ಅಂಗಡಿಯಲ್ಲಿ ಬಿಸ್ಮಿಲ್ಲಾ ಹೇಳಿ ಮೊದಲ ತುಂಡು ಅಲ್ಲೇ ಕತ್ತರಿಸುತ್ತಾರೆ. ಅದರಲ್ಲಿ ಬರಕತ್ತು ಇದೆ, ವ್ಯಾಪಾರ ವೃದ್ಧಿಯಾಗುತ್ತದೆ ಎಂದು ಅವರ ನಂಬಿಕೆ. ಆಮೇಲೆ ಚನ್ನಗಿರಿಗೆ, ಆಮೇಲೆ ಹೊನ್ನಾಳಿಗೆ, ಮಿಕ್ಕಿದ್ದು ನ್ಯಾಮತಿಗೆ. ಮಕ್ಕಳ ವಯಸ್ಸಿನ ಪ್ರಕಾರ. ಊಟಕ್ಕೆ ಬಡಿಸುವುದೂ ನಮ್ಮ ಮನೆಯಲ್ಲಿ ಹೀಗೆಯೇ ಆದ್ದರಿಂದ ಯಾರಿಗೂ ಇದರಲ್ಲಿ ವಿಶೇಷ ಕಾಣುತ್ತಿರಲಿಲ್ಲ.

ನ್ಯಾಮತಿ ಅಂಗಡಿ ನಡೆಯುತ್ತಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿದ್ದ ವಿಷಯ. ಅದಕ್ಕೆ ಕಾರಣ ಶಾಹಿದನ ರುಚಿ ಎಂದು ನಾವೆಲ್ಲ ನಂಬಿದ್ದೆವು. ಅವನಿಗೆ ಗಿಳಿಹಸಿರು ಅಂದರೆ ಪ್ರಾಣ. ಅಂಗಡಿ ತುಂಬಾ ಗಿಳಿಹಸಿರು ರೆಕ್ಸಿನ್ನು. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಆಟೊಗಳಲ್ಲಿ ಅರ್ಧಕ್ಕರ್ಧ ಗಿಳಿಹಸಿರು ಸೀಟಿನವು. ನಾವೆಲ್ಲ ಎಷ್ಟು ನಕ್ಕಿದ್ದೇವೆ. ಪ್ರತಿ ರಂಜಾನಿಗೆ ಅವನಿಗೆಂದು ಹುಡುಕಿ ಹುಡುಕಿ ಅದೇ ಬಣ್ಣದ ಅಂಗಿ ತರುವುದು ನನ್ನ ಕೆಲಸ. ಅವನು ಮಾತಿಲ್ಲದೆ ತೊಟ್ಟುಕೊಳ್ಳುತ್ತಿದ್ದ.

"ಅಫ್ತಾಬ್ ಭಾಯಿ ಕೈಕೆಳಗೆ ಅವನು ಕೂರಲ್ಲ ಅಬ್ಬಾ," ಎಂದೆ. ಹಿಂದೆ ಒಮ್ಮೆ ಕೂತಿದ್ದ. ಗಿರಾಕಿಗಳ ಎದುರಿಗೆ ಅಫ್ತಾಬ್ ಭಾಯಿ ಅವನು ಹೊಲಿದ ಸೀಟನ್ನು ಹರಿದು ಎಸೆದಿದ್ದ. ಅವತ್ತು ಮನೆ ಬಿಟ್ಟು ಹೋದವನನ್ನು ಸಮಾಧಾನ ಮಾಡಿ ಕರೆತರುವಾಗ ಅಮ್ಮಿಯ ಅರ್ಧ ಜೀವ ಹೋಗಿತ್ತು. ನ್ಯಾಮತಿಯ ಅಂಗಡಿ ಸಿಕ್ಕ ಮೇಲೇ ಅವನು ತಲೆಯೆತ್ತಿ ನಡೆಯತೊಡಗಿದ್ದು.

"ಹೊನ್ನಾಳಿ ಪಕ್ಕದಲ್ಲೇ ಐತೆ. ನ್ಯಾಮತಿಯೋರೆಲ್ಲ ಅಲ್ಲಿಗೇ ಹೋಗ್ತಾರೆ. ಇಷ್ಟು ಹತ್ರ ಎರಡು ಅಂಗಡಿ ಯಾಕೆ? ನೀನೇ ಹೇಳು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅಮ್ಮಿಯ ಮುಖ ನೋಡಿದೆ. ಅವಳು ಶೇಂಗಾ ಸಿಪ್ಪೆಯನ್ನೆಲ್ಲ ಮೊರಕ್ಕೆ ಗುಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಮರುದಿನ ರಜೆ ಹಾಕಿ ಹೊರಟೆ. ನನ್ನದೂ ಲುಮಾರಾನೇ. ದಾರಿಯುದ್ದಕ್ಕೂ ಶಾಹಿದನಿಗೆ ಹೇಳುವ ಮಾತನ್ನು ಬಾಯಲ್ಲೇ ಜೋಡಿಸಿಕೊಂಡೆ. ನೋಡು ಶಾಹಿದ್, ಎರಡು ಅಂಗಡಿ ಒಂದೇ ಗಿರಾಕಿಯನ್ನು ಎಳೆದಾಡಿದರೆ ಎರಡಕ್ಕೂ ನಷ್ಟ. ನೋಡು ಶಾಹಿದ್, ನಿನಗೇನೂ ತೊಂದರೆ ಆಗುವುದಿಲ್ಲ. ನನ್ನ ಬಾಯಿಂದ ಕೃಷ್ಣ ಸರ್ ಮಾತಾಡುತ್ತಿದ್ದಾರೆ ಅನ್ನಿಸಿ ಮೈ ಉರಿಯಿತು. ಅಷ್ಟರಲ್ಲಿ ಜುಂಜಪ್ಪನವರ ಫೋನು. ಚೀನಾದವರ ವಿಷಯ ಟಿವಿಯಲ್ಲಿ ಬರ್ತಾ ಐತೆ, ನೋಡು ಎಂದರು. ಗಾಡಿ ಓಡಿಸುತ್ತಿದ್ದೇನೆ ಎಂದು ಇಟ್ಟುಬಿಟ್ಟೆ.

ಹೊನ್ನಾಳಿಯಲ್ಲಿ ಮಸರತ್ ಆಪಾಳ ಅಂಗಡಿಯಲ್ಲಿ ಇಳಿದು ಚಹಾ ಕುಡಿದೆ. ಹೊಸ ರೆಕ್ಸಿನ್ನಿನ ವಾಸನೆ ಘಮ್ಮೆನ್ನುತ್ತಿತ್ತು. ಗೋಡೆಯುದ್ದಕ್ಕೂ ಕಪ್ಪು, ಕಾಫಿ ಬಣ್ಣ, ಬಿಸ್ಕತ್ ಬಣ್ಣ ನೇತಾಡುತ್ತಿದ್ದವು. ಹೊರಗೆ ಕಾಯುತ್ತಿದ್ದ ಎರಡೂ ಕಾರು ನ್ಯಾಮತಿಯ ಕಡೆಯವು.

"ಪಾಪ, ಅವನ ಹತ್ರ ಹೋದ್ರೆ ಗಿಳಿ ಮಾಡಿ ಕಳಿಸ್ತಾನೆ ಅಂತ ಇಲ್ಲಿಗೆ ಬರ್ತಾರೆ," ಆಪಾ ನಕ್ಕಳು. "ಅಬ್ಬಾ ಮುಚ್ಚಿಸ್ತಾರಂತೆ, ಹೌದಾ? ಒಳ್ಳೇದೇ ಆತು ಬಿಡು. ಅವನಿಗೂ ಸಾಕಾಗಿರ್ತೈತೆ."

ಚಹಾದ ಲೋಟ ಇಟ್ಟು ಕಾರು ಹತ್ತಿದೆ.

ನ್ಯಾಮತಿಗೆ ಹೋದರೆ ಶಾಹಿದನ ಅಂಗಡಿಯ ಮುಂದೆ ಇನ್ನೊಂದು ಲುಮಾರಾ ನಿಂತಿತ್ತು. ಗೋವಿನಕೋವಿಯ ಬೋರಣ್ಣನದು. ಅವನಿಗೂ ನಾನೇ ಮಾರಿದ್ದು. ನಾನು ಫೋನಿನಲ್ಲಿ ಬರುತ್ತೇನೆ ಎಂದಿದ್ದು ಶಾಹಿದನ ಬಾಯಿಂದ ಹೇಗೋ ಹೊರಬಿದ್ದು, ಬೋರಣ್ಣ ಹೊಲದ ಕೆಲಸ ಬಿಟ್ಟು ಬಂದು ಕೂತಿದ್ದ. ಶಾಹಿದ್ ಹೊಲಿಗೆ ಮೆಷಿನ್ನಿನ ಮುಂದೆ ಟ್ರ್ಯಾಕ್ಟರ್ ಸೀಟೊಂದನ್ನು ಹೊಲಿಯುತ್ತಿದ್ದ. ಗಿಳಿಹಸಿರು.

"ಬಾ ಆಪಾ," ಎಂದು ಎದ್ದು, ಸ್ಟೂಲು ಒರೆಸಿ ಕೊಟ್ಟು, ಚಹಾ ತರಿಸಿ, ಮತ್ತೆ ಮೆಷಿನ್ನಿಗೆ ಕೂತ. ನಾನು ಯಾಕೆ ಬಂದಿದ್ದೇನೆ ಎಂದು ಕೇಳಲಿಲ್ಲ. ಮಸರತ್ ಆಪಾಳಿಂದ ಆಗಲೇ ಗೊತ್ತಾಗಿರಬೇಕು ಅನ್ನಿಸಿತು. ನಾನು ಬಾಯಿ ತೆರೆಯುವ ಮೊದಲೇ ಬೋರಣ್ಣ ಶುರು ಮಾಡಿದ.

"ಏನಮ್ಮ, ನಿನ್ ಮುಖ ನೋಡಿ ತಗಂಡೆ. ಈಗ ಊರಾಗೆ ನನ್ನನ್ನ ನಿಂತೋದ ಗಾಡಿ ಬೋರಣ್ಣ ಅಂತಾರೆ. ಯಾಕ್ ನಿಲ್ಲಿಸಿದ್ರು, ಅದನ್ನಾರ ಹೇಳು."

ಚೀನಾದವರು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ಒಳಗೆ ಕುದಿಯುತ್ತಿದ್ದ ಸಿಟ್ಟು ಅಲ್ಲಿ ಉಕ್ಕಿತು.

"ಮಾರಾಟ ಇಲ್ಲ ಅಂತ ನಿಲ್ಲಿಸಿದ್ರು ಬೋರಣ್ಣ. ಮಾರಾಟ ಯಾಕಿಲ್ಲ? ಒಳ್ಳೇದೆಲ್ಲ ಮೊದಲು ಹಾರ್ವಿಕ್‌ಗೆ ಕೊಟ್ರು. ಹೊಸ ಇಂಜಿನ್ ಅವರಿಗೆ, ಹೊಸ ಮಾಡೆಲ್ ಅವರಿಗೆ. ಅವರಿಗೆ ಬ್ಯಾಡಾಗಿದ್ದು ನಮಗೆ. ಉಳಿದ ಪಳಿದದ್ದಕ್ಕೆ ಬಣ್ಣ ಬಳಿದು ಮಾರಿ ಅಂದ್ರು. ನಾವು ಮಾರಿದ್ವಿ. ಜನ ನಕ್ರು. ಹಾರ್ವಿಕ್ ಶೋರೂಮಿಗೆ ಹೋದ್ರು. ಆಮೇಲೆ ಅವರೇ ಬಂದು, ನಿಮ್ಮ ಕಡೆ ವ್ಯಾಪಾರ ಇಲ್ಲ, ಮುಚ್ಚಿ ಅಂದ್ರು. ಅಲ್ಲ ಬೋರಣ್ಣ, ಊಟ ಹಾಕದೆ ಕೂರಿಸಿ, ಇವನು ಯಾಕೋ ಸೊರಗ್ಯಾನೆ ಅಂದ್ರೆ ಅದೆಂಥ ನ್ಯಾಯ?"

ಮೆಷಿನ್ನಿನ ಸದ್ದು ನಿಂತುಹೋಗಿದ್ದು ನನಗೆ ತಡವಾಗಿ ಗೊತ್ತಾಯಿತು.

"ಆಪಾ," ಎಂದ ಶಾಹಿದ್. "ಇನ್ನೊಂದ್ ಸಲ ಹೇಳು."

"ಯಾವುದು?"

"ಅದೇ. ಅವರಿಗೆ ಬ್ಯಾಡಾಗಿದ್ದು ನಮಗೆ ಅಂದ್ಯಲ್ಲ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಅವನ ಮುಖ ನೋಡಿದೆ, ಆಮೇಲೆ ಅವನ ಹಿಂದಿದ್ದ ಗೋಡೆ ನೋಡಿದೆ. ಅಲ್ಲಿ ಒಂದೂ ಪೂರ್ತಿ ರೋಲು ಇರಲಿಲ್ಲ. ಸುತ್ತಿಟ್ಟ ಚೂರುಗಳು, ಮೊಂಡು ತುದಿಗಳು. ಕಪ್ಪಿನದು ಒಂದು ಆಟೊದ ಹಿಂದಿನ ಸೀಟಿಗೂ ಸಾಲದಷ್ಟು. ಬಿಸ್ಕತ್ ಬಣ್ಣದ್ದು ಅಂಗೈಯಗಲ. ಮಿಕ್ಕಿದ್ದೆಲ್ಲ ಹಸಿರು.

"ಹಸಿರು ನಿನಗೆ ಇಷ್ಟ ಅಲ್ವೇನೋ?" ಕೇಳುವಾಗಲೇ ನನಗೆ ಉತ್ತರ ಗೊತ್ತಾಗಿತ್ತು.

"ಇಷ್ಟಾನಾ? ಬೆಂಗಳೂರಿನ ಡೀಲರ್ ಒಬ್ಬ ಅಂಗಡಿ ಖಾಲಿ ಮಾಡುವಾಗ ಹಸಿರು ರೋಲೆಲ್ಲ ಅಬ್ಬಾನ ತಲೆಗೆ ಕಟ್ಟಿದ. ಜಗಳೂರಲ್ಲಿ ಒಬ್ಬ ಗಿರಾಕೀನೂ ಕೇಳಲಿಲ್ಲ. ಅಫ್ತಾಬ್ ಭಾಯಿ ಬ್ಯಾಡ ಅಂದ. ಮಸರತ್ ಆಪಾ ಬ್ಯಾಡ ಅಂದ್ಲು. ಅಬ್ಬಾ ಬಿಚ್ಚಿ ಮೊದಲ ತುಂಡು ಕತ್ತರಿಸಿದ್ದ ರೋಲೆಲ್ಲಾ ಬಸ್ ಮೇಲೆ ನ್ಯಾಮತಿಗೆ ಬಂತು. ಕಪ್ಪು ಕಳಿಸ್ರಿ ಅಬ್ಬಾ ಅಂತ ಎಷ್ಟು ಸಲ ಕೇಳೀನಿ. ಇರೋದನ್ನ ಮೊದಲು ಮಾರು ಅಂತಾರೆ. ಅದಕ್ಕೇ ಸಿಕ್ಕ ಸಿಕ್ಕ ಆಟೊದೋರಿಗೆಲ್ಲ ಕೈಮುಗಿದು ಅದನ್ನೇ ಹಾಕ್ತಾ ಬಂದೆ, ಬೇಗ ಮುಗೀಲಿ ಅಂತ. ಮುಗೀವಲ್ದು."

"ಮತ್ತೆ ಆ ಅಂಗಿ? ಪ್ರತಿ ರಂಜಾನ್‌ಗೆ ತಂದುಕೊಡ್ತೀನಲ್ಲ, ಒಂದ್ ಸಲನಾದ್ರೂ ಹೇಳಬಾರದಿತ್ತೇನೋ?"

"ನೀನು ಖುಷಿಯಿಂದ ತರ್ತಿದ್ದೆ. ನನಗೆ ಆ ಬಣ್ಣ ಕಂಡ್ರಾಗಲ್ಲ ಆಪಾ."

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಇಷ್ಟು ವರ್ಷ ನಕ್ಕ ನಮ್ಮ ಮೇಲೆ, ಬಾಯಿ ಬಿಡದ ಇವನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಬ್ಬಾನ ಮೇಲೆ. ಅಲ್ಲೇ ಫೋನು ತೆಗೆದೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಅಬ್ಬಾ, ನೀವು ಶಾಹಿದನಿಗೆ ಒಳ್ಳೇ ರೆಕ್ಸಿನ್ ಯಾಕೆ ಕಳಿಸಲ್ಲ?"

"ಹೇಳಿದ್ಯಾ ಅವನಿಗೆ? ಏನಂದ?"

"ನಾನು ಕೇಳಿದ್ದಕ್ಕೆ ಹೇಳ್ರಿ ಮೊದಲು."

ಅಬ್ಬಾಗೆ ರೇಗಿತು. "ವ್ಯಾಪಾರ ಇಲ್ಲದ ಕಡೆಗೆ ಒಳ್ಳೇ ಮಾಲು ಯಾರು ಕಳಿಸ್ತಾರೆ?"

ಕೃಷ್ಣ ಸರ್‌ಗೆ ಜಗಳೂರು ಎಲ್ಲಿದೆ ಎಂದು ಗೊತ್ತಿಲ್ಲ. ಅಬ್ಬಾಗೆ ಕೃಷ್ಣ ಸರ್ ಯಾರೆಂದು ಗೊತ್ತಿಲ್ಲ. ಆದರೂ ಅದೇ ಮಾತು. ಆವತ್ತು ಮೀಟಿಂಗಿನಲ್ಲಿ ಗಂಟಲಿಗೆ ಸಿಕ್ಕಿಕೊಂಡಿದ್ದ ಮಾತು ಈಗ ಹೊರಗೆ ಬಂತು.

"ಒಳ್ಳೇ ಮಾಲು ಕಳಿಸದೆ ವ್ಯಾಪಾರ ಎಲ್ಲಿಂದ ಆಗ್ತೈತೆ ಅಬ್ಬಾ?"

"ನಿನಗೆ ಗೊತ್ತಾಗಲ್ಲ ಸುಮ್ಕಿರು. ದೊಡ್ಡ ಅಂಗಡಿ ಉಳಿದ್ರೆ ಎಲ್ಲರೂ ಉಳೀತಾರೆ. ಹೆಸರು ಉಳೀಬೇಕು ಮೊದಲು."

ಶಾಹಿದ್ ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡ. "ಅಬ್ಬಾ, ಸಲಾಂ. ಹೆಸರು ನಿಮ್ಮದು, ಅದನ್ನ ಬಿಚ್ಚಿ ಆಪಾನ ಕೈಯಾಗೆ ಕಳಿಸ್ತೀನಿ. ಅಂಗಡಿ ಮಾತ್ರ ಮುಚ್ಚಲ್ಲ. ಬಾಡಿಗೆ ನಾನೇ ಕಟ್ತಾ ಬಂದೀನಿ, ಮೆಷಿನ್ ನಂದೇ. ಚನ್ನಗಿರಿಗೆ ಹೋಗಲ್ಲ."

ಅಬ್ಬಾ ಫೋನು ಇಟ್ಟುಬಿಟ್ಟರು.

ಬೋರ್ಡು ಬಿಚ್ಚಲು ಶಾಹಿದ್ ಸ್ಕ್ರೂಡ್ರೈವರ್ ಹುಡುಕಿದ, ಸಿಗಲಿಲ್ಲ. ಬೋರಣ್ಣ ಎದ್ದು ಹೋಗಿ ತನ್ನ ಕಾರಿನ ಟೂಲ್ಸು ತಂದ. "ನಿಮ್ ಲುಮಾರಾದಾಗೆ ಕೆಡದೆ ಉಳಿದಿರೋದು ಇದೊಂದೇ ಕಣಮ್ಮ," ಎಂದು ನನ್ನನ್ನು ಚುಚ್ಚಿ, ತಾನೇ ಏಣಿ ಹತ್ತಿದ. ತಗಡಿನ ಬೋರ್ಡು ಕೆಳಗಿಳಿದ ಮೇಲೆ ಗೋಡೆಯ ಮೇಲೆ ಅದರಷ್ಟೇ ಅಗಲದ ಬಿಳಿ ಜಾಗ ಉಳಿಯಿತು.

"ಹೆಸರು ಏನು ಬರೆಸ್ತಿ?" ಎಂದ ಬೋರಣ್ಣ. "ನಮ್ಮೂರ ಕಡೆ ಎಲ್ಲ ಹಸಿರು ಸೀಟಿನ ಅಂಗಡಿ ಅಂತಾರೆ. ಅದನ್ನೇ ಬರೆಸು."

"ಅದೊಂದು ಬ್ಯಾಡಣ್ಣ," ಎಂದ ಶಾಹಿದ್. ಅವತ್ತು ಅವನು ನಕ್ಕಿದ್ದು ಅದೊಂದೇ ಸಲ.

ಬೋರ್ಡನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಇಟ್ಟುಕೊಂಡು ಸಂಜೆ ಜಗಳೂರಿಗೆ ಬಂದೆ. ಅಬ್ಬಾ ಅಂಗಡಿಯಲ್ಲೇ ಇದ್ದರು. ಅಮ್ಮಿ ಎಂದೂ ಅಂಗಡಿಗೆ ಬರದವಳು, ಅವತ್ತು ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಫೋನಿನಲ್ಲಿ ಆದ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು ಅನ್ನುವುದು ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಬೋರ್ಡು ಇಳಿಸಿ ಗೋಡೆಗೆ ಒರಗಿಸಿದೆ. ಮಗ ಹೇಗಿದ್ದಾನೆ, ಊಟ ಮಾಡಿದನೇ, ಏನಾದರೂ ಕೇಳುತ್ತಾರೆ ಎಂದು ಕಾದೆ. ಅಬ್ಬಾ ಬಗ್ಗಿ ಬೋರ್ಡಿನ ಮೇಲೆ ಕೈಯಾಡಿಸಿದರು.

"ಗೀರು ಗೀರು ಆಗಿಲ್ಲ ತಾನೆ?"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಈ ಮನುಷ್ಯ ಕೆಟ್ಟವರಲ್ಲ. ನಮಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂತವರು. ಶಾಹಿದನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ತಿರುಗಿದವರು. ಆದರೂ ಈಗ ಅವರ ಬೆರಳು ಹುಡುಕುತ್ತಿದ್ದುದು ಬೋರ್ಡಿನ ಗೀರನ್ನು.

ಅಮ್ಮಿ ಸ್ಟೂಲಿನಿಂದ ಎದ್ದಳು. ಮೂಲೆಯಲ್ಲಿ ಅವತ್ತೇ ಪಾರ್ಸೆಲ್ಲಿನಲ್ಲಿ ಬಂದ ಕಪ್ಪು ರೆಕ್ಸಿನ್ನಿನ ರೋಲು ನಿಂತಿತ್ತು. ಪ್ಲಾಸ್ಟಿಕ್ ಸುತ್ತಿದ್ದು ಸುತ್ತಿದ ಹಾಗೇ ಇತ್ತು, ಅಬ್ಬಾ ಇನ್ನೂ ಬಿಚ್ಚಿರಲಿಲ್ಲ. ಅಮ್ಮಿ ಅದನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಲು ನೋಡಿದಳು. ಅವಳಿಗಿಂತ ಅದೇ ಎತ್ತರ.

"ನಗ್ಮಾ, ಆ ಕಡೆ ಹಿಡಿ. ಕಾರಿಗೆ ಹಾಕು. ಬೆಳಿಗ್ಗೆ ಎದ್ದು ಕೊಟ್ಟು ಬಾ."

ಅಬ್ಬಾ ಬೋರ್ಡು ಬಿಟ್ಟು ಎದ್ದು ನಿಂತರು. "ಏನ್ ಮಾಡಾಕೆ ಹತ್ತೀದಿ? ಅದಿನ್ನೂ ಕತ್ತರಿಸಿಲ್ಲ. ಮೊದಲ ತುಂಡು ಇಲ್ಲಿ ಆಗಬೇಕು. ಬಿಸ್ಮಿಲ್ಲಾ ಹೇಳದೆ ಹೆಂಗೆ ಕಳಿಸ್ತೀಯ?"

"ಬಿಸ್ಮಿಲ್ಲಾ ನ್ಯಾಮತಿಯಾಗೂ ಹೇಳಬಹುದು," ಎಂದಳು ಅಮ್ಮಿ. "ನಾಕ್ ಮಕ್ಕಳಿಗೂ ಒಂದೇ ಎದೆಹಾಲು ಕೊಟ್ಟೀನಿ. ಕೊನೇದಕ್ಕೆ ಮಿಕ್ಕಿದ್ದು ಅಂತ ಕೊಡಲಿಲ್ಲ. ಹಿಡಿಯೇ ನಗ್ಮಾ."

ಅಬ್ಬಾ ತಡೆಯಲಿಲ್ಲ. ಸಹಾಯಕ್ಕೂ ಬರಲಿಲ್ಲ. ನಾವಿಬ್ಬರೂ ಏದುಸಿರು ಬಿಡುತ್ತಾ ರೋಲನ್ನು ಬೀದಿಗೆ ತಂದೆವು. ಎಲ್ಲಿತ್ತೋ, ಪಾಲಣ್ಣನ ಸವಾರಿ ಬಂತು. ಒಂದು ತುದಿಗೆ ಕೈಕೊಟ್ಟು, ಕಾರಿನೊಳಗೆ ಅಡ್ಡಡ್ಡ ತೂರಿಸಿ, ಆಮೇಲೆ ಲುಮಾರಾದ ಡಿಕ್ಕಿಯ ಮೇಲೆ ತಟ್ಟಿ ಮತ್ತೆ ಅದೇ ಮಾತು ಕೇಳಿದ. "ಎಷ್ಟು ಗಟ್ಟಿ ಗಾಡಿ! ಯಾಕಮ್ಮ ನಿಲ್ಲಿಸಿದ್ರು ಇದನ್ನ?"

"ಆ ಕಂಪನಿಯಾಗೆ ಅಮ್ಮಿಯಂಗೆ ರೋಲು ಎತ್ತಿ ಕೊಡಾಕೆ ಯಾರೂ ಇರಲಿಲ್ಲ ಪಾಲಣ್ಣ."

ಅವನಿಗೆ ಏನು ತಿಳಿಯಿತೋ, ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ನ್ಯಾಮತಿಯಲ್ಲಿ ಕಾರು ನಿಲ್ಲಿಸಿದಾಗ ಶಾಹಿದ್ ಕಸ ಗುಡಿಸುತ್ತಿದ್ದ. ಗೋಡೆಯ ಮೇಲೆ ಆ ಬಿಳಿ ಜಾಗ ಹಾಗೇ ಇತ್ತು. ಹಿಂದಿನ ಬಾಗಿಲು ತೆರೆದೆ.

"ಬೋರ್ಡ್ ವಾಪಸ್ ತಂದಿಲ್ಲ ತಾನೆ?" ಎಂದ.

"ಇಲ್ಲ ಕಣೋ. ಅಮ್ಮಿ ಕಳಿಸ್ಯಾಳೆ. ತಗೋ."

ಇಬ್ಬರೂ ಸೇರಿ ರೋಲನ್ನು ಒಳಗೆ ತಂದು ಕತ್ತರಿಸುವ ಮೇಜಿನ ಮೇಲೆ ಮಲಗಿಸಿದೆವು. ಪ್ಲಾಸ್ಟಿಕ್ ಬಿಚ್ಚದ ರೋಲು ಆ ಅಂಗಡಿಗೆ ಬಂದದ್ದು ಅದೇ ಮೊದಲು. ಶಾಹಿದ್ ಕತ್ತರಿ ತೆಗೆದುಕೊಂಡ, ಮೆಲ್ಲಗೆ ಬಿಸ್ಮಿಲ್ಲಾ ಎಂದ. ಎಂದವನು ರೋಲನ್ನು ಆ ಕಡೆ ಉರುಳಿಸಿದ, ಈ ಕಡೆ ಉರುಳಿಸಿದ, ಉಗುರಿನಿಂದ ಪ್ಲಾಸ್ಟಿಕ್ಕನ್ನು ಕೆರೆದ.

"ಏನೋ ಹುಡುಕ್ತಿದ್ದೀಯ?"

ಅವನು ನನ್ನ ಕಡೆ ನೋಡಲಿಲ್ಲ. ಕಣ್ಣು ತುಂಬಿದ್ದವು.

"ಇದನ್ನ ಎಲ್ಲಿಂದ ಬಿಚ್ಚೋದು ಆಪಾ?"